ಕುರಿ, ಮೇಕೆಗಳ ವಧೆಯಲ್ಲಿ ಸಂಕಟ ತಗ್ಗಿಸುವ ಬಗೆ: ಬೆಂಗಳೂರಿನ ಮಾಂಸ ವ್ಯಾಪಾರಿಗಳಿಗೆ

ಯುಗಾದಿಯ ಮರುದಿನ ಮಾಂಸದೂಟ ಮಾಡುವ ಹೊಸತೊಡಕು ಹತ್ತಿರವಾದಂತೆ ಬೆಂಗಳೂರಿಗೆ ಬರುವ ಕುರಿಗಳ ಸಂಖ್ಯೆಯ ಜೊತೆಗೆ ಕೆಲಸದ ಅವಸರವೂ ಏರುತ್ತದೆ. ಪ್ರಾಣಿ ಪಡುವ ಸಂಕಟದ ದೊಡ್ಡ ಪಾಲು ಚೂರಿ ತಗಲುವ ಮೊದಲೇ, ಲಾರಿಯಲ್ಲಿ ಮತ್ತು ದೊಡ್ಡಿಯಲ್ಲಿ ಆಗಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಸುಧಾರಣೆಯೂ ಅಲ್ಲಿಂದಲೇ ಆರಂಭವಾಗಬೇಕು. ದನ, ಎಮ್ಮೆಗಳಿಗೆ ರಾಜ್ಯದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬೇರೆಯೇ ಇರುವುದರಿಂದ ಇಲ್ಲಿ ಕುರಿ, ಮೇಕೆಗಳನ್ನಷ್ಟೇ ಗಮನಿಸಲಾಗಿದೆ.

ವಧಾಗಾರಗಳ ಕುರಿತ ಕೇಂದ್ರದ 2001ರ ನಿಯಮಗಳು ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯನ್ನು, ಅಂಥ ಮರಿಯಿರುವ ತಾಯಿಯನ್ನು ಹಾಗೂ ಪಶುವೈದ್ಯರ ಪ್ರಮಾಣಪತ್ರವಿಲ್ಲದ ಪ್ರಾಣಿಯನ್ನು ಕೊಯ್ಯಬಾರದೆಂದು ಹೇಳುತ್ತವೆ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಹಬ್ಬದ ಹಿಂದಿನ ದಿನ ಈ ಮಿತಿಯನ್ನು ನೆನಪಿಸಿಕೊಂಡರೆ ಸಾಲದು, ವಾರದ ಮೊದಲೇ ಲೆಕ್ಕ ಹಾಕಿ ಪ್ರಾಣಿಗಳನ್ನು ತರಿಸಬೇಕು.

ಪ್ರಾಣಿಗಳನ್ನು ಇಳಿಸುವಾಗ ಲಾರಿಯ ಮಟ್ಟಕ್ಕೆ ಕಟ್ಟೆಯೋ, ಜಾರದ ಇಳಿಜಾರು ಹಲಗೆಯೋ ಇರಬೇಕು. ನಾಲ್ಕು ಕಾಲು ಕಟ್ಟಿ ಸ್ಕೂಟರಿನ ಮುಂದೆ ಮಲಗಿಸಿ ತರುವುದು ನಗರದಲ್ಲಿ ಎಷ್ಟು ಸಾಮಾನ್ಯವಾದರೂ ಅದು ಕ್ರೌರ್ಯವೇ. ಉಣ್ಣೆ ಹಿಡಿದು ಎತ್ತಿದರೆ ಚರ್ಮದಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಚರ್ಮ ಸುಲಿದಾಗ ಆ ಕಲೆ ಎದ್ದು ಕಾಣುತ್ತದೆ. ಒಂದು ಕೈಯನ್ನು ಗದ್ದದ ಕೆಳಗೆ, ಇನ್ನೊಂದನ್ನು ಹಿಂಭಾಗಕ್ಕೆ ಕೊಟ್ಟು ನಡೆಸಿದರೆ ಕುರಿ ತಾನೇ ನಡೆಯುತ್ತದೆ. ಹಿಂಡಿನ ಪ್ರಾಣಿಯಾದ್ದರಿಂದ ಒಂಟಿಯಾಗಿ ಎಳೆಯದೆ ನಾಲ್ಕೈದನ್ನು ಒಟ್ಟಿಗೆ ಸಾಗಿಸುವುದು ಮೇಲು. ದಾರಿಯಲ್ಲಿ ನೀರಿನ ಹೊಳಪು, ತೂಗಾಡುವ ಸರಪಳಿ ಅಥವಾ ದಿಢೀರನೆ ಕತ್ತಲೆ ಎದುರಾದರೆ ಅದು ನಿಂತುಬಿಡುತ್ತದೆ. ಆಗ ಕೋಲೆತ್ತುವ ಮೊದಲು ಕುರಿಯ ಎತ್ತರಕ್ಕೆ ಬಗ್ಗಿ ದಾರಿಯನ್ನು ನೋಡಬೇಕು. ಕಾರಣ ಬಹುಮಟ್ಟಿಗೆ ಅಲ್ಲಿಯೇ ಕಾಣಸಿಗುತ್ತದೆ.

ವಧೆಗೆ ಮೊದಲು 24 ಗಂಟೆಗಳ ವಿಶ್ರಾಂತಿಯನ್ನು ನಿಯಮವೇ ವಿಧಿಸಿದೆ. ನೆರಳು, ಗಾಳಿ ಬೇಕು. ಕುಡಿಯುವ ನೀರು ಕೊನೆಯವರೆಗೂ ಇರಬೇಕು. ದಣಿದು ಬೆದರಿದ ಪ್ರಾಣಿಯ ಸ್ನಾಯುಗಳಲ್ಲಿ ಶಕ್ತಿಯ ದಾಸ್ತಾನಾದ ಗ್ಲೈಕೋಜನ್ ಬರಿದಾಗುವುದರಿಂದ ವಧೆಯ ಬಳಿಕ ಸಾಕಷ್ಟು ಆಮ್ಲ ಉಂಟಾಗದೆ, ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ. ಕರುಣೆಯ ಮಾತಿಗೆ ಕಿವಿಗೊಡದ ಮಾಲೀಕರು ಈ ನಷ್ಟದ ಮಾತಿಗೆ ಕಿವಿಗೊಡುವುದುಂಟು.

ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯುವಂತಿಲ್ಲ. ಗಟ್ಟಿ ತಗಡಿನ ಮರೆಯನ್ನಾದರೂ ಕಟ್ಟಿ, ಒಂದರ ಕೆಲಸ ಮುಗಿದು ನೆಲ ತೊಳೆದ ಮೇಲೆಯೇ ಇನ್ನೊಂದನ್ನು ತರಬೇಕು. ವಿದ್ಯುತ್ತಿನಿಂದ ಪ್ರಜ್ಞೆ ತಪ್ಪಿಸುವ ಕಡೆ ಕುರಿಯ ತಲೆಗೆ ಕನಿಷ್ಠ 1 ಆಂಪಿಯರ್ ಹರಿಯುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿಕೊಂಡು, ತಡಮಾಡದೆ ರಕ್ತ ಹರಿಸಬೇಕು. ತಡವಾದರೆ ಪ್ರಜ್ಞೆ ಮರಳುತ್ತದೆ. ಧರ್ಮದ ವಿಧಿಯಂತೆ ನಡೆಯುವ ವಧೆಗೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕೇಂದ್ರದ 1960ರ ಕಾಯ್ದೆಯ 28ನೇ ಕಲಮು ವಿನಾಯಿತಿ ನೀಡುತ್ತದೆಯಾದರೂ, ಅಲ್ಲಿಯೂ ಚೂರಿಯ ಹರಿತವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಅಲಗು ಕತ್ತಿನ ಅಗಲದ ಎರಡರಷ್ಟಾದರೂ ಉದ್ದವಿರಬೇಕು, ಅದರಲ್ಲಿ ಒಂದು ಮುಕ್ಕೂ ಇರಬಾರದು. ಉಗುರಿನ ಮೇಲೆ ಮೆಲ್ಲನೆ ಎಳೆದರೆ ಮುಕ್ಕು ತಡೆಯುವುದು ಗೊತ್ತಾಗುತ್ತದೆ. ಇದನ್ನು ಪ್ರಾಣಿಗೆ ಕಾಣದ ಕಡೆ ಮಾಡಿ, ಅಗತ್ಯವಿದ್ದರೆ ಅಲ್ಲಿಯೇ ಮಸೆಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸದೆ, ಎರಡೂ ಬದಿಯ ರಕ್ತನಾಳಗಳು ತುಂಡಾಗುವಂತೆ ಒಂದೇ ಎಳೆತದಲ್ಲಿ ಕೊಯ್ಯಬೇಕು.

ಅನಂತರ ಕಾಯಬೇಕು. ಗಾಯವನ್ನು ಕೆದಕುವುದು, ಕಾಲು ಕಡಿಯುವುದು, ಚರ್ಮ ಬಿಡಿಸತೊಡಗುವುದು ಆಗ ಸಲ್ಲ. ಕಾಲು ಒದರುವುದು ಪ್ರಜ್ಞೆಯ ಗುರುತಲ್ಲ. ಲಯಬದ್ಧ ಉಸಿರಾಟ ನಿಂತು, ಕಣ್ಣುಗುಡ್ಡೆ ಮುಟ್ಟಿದರೂ ರೆಪ್ಪೆ ಮಿಟುಕದಿದ್ದಾಗ ಮಾತ್ರ ಮುಂದಿನ ಕೆಲಸಕ್ಕೆ ಕೈಹಾಕಬಹುದು. ತಲೆಗಿಷ್ಟು ಎಂದು ಕೂಲಿ ಕೊಡುವ ಕಡೆ ಈ ಕಾಯುವಿಕೆಯೇ ಮೊದಲು ಬಲಿಯಾಗುತ್ತದೆ. ಹಾಗಾಗಿ ಕೊಯ್ಯುವವರಿಗೆ ದಿನಗೂಲಿಯನ್ನೋ ತಿಂಗಳ ಸಂಬಳವನ್ನೋ ಗೊತ್ತುಮಾಡುವುದು ಮಾಲೀಕರ ಹೊಣೆ.