ಆಲ್ಫಾ ಮೈನಸ್ ಬಂದಾಗ ನಾನು ಮಾಡಿದ್ದು

ಸೈಕಾಲಜಿ ಪ್ರಾಜೆಕ್ಟ್‌ಗೆ ದೇರಳಕಟ್ಟೆಯ ಹಾಸ್ಟೆಲ್ ಹುಡುಗಿಯರಿಂದ ರೋಸೆನ್‌ಬರ್ಗ್ ಅವರ ಆತ್ಮಗೌರವದ ಪ್ರಶ್ನಾವಳಿ ತುಂಬಿಸಿ ತಂದಿದ್ದೆ. 1965ರದ್ದು, 10 ಹೇಳಿಕೆ, 1ರಿಂದ 4 ಅಂಕ (1 ಅಂದರೆ ಸ್ವಲ್ಪವೂ ಒಪ್ಪುವುದಿಲ್ಲ, 4 ಅಂದರೆ ಪೂರ್ತಿ ಒಪ್ಪುತ್ತೇನೆ). ಜಮೋವಿ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕಿದರೆ ಕ್ರಾನ್‌ಬಾಕ್ ಆಲ್ಫಾ, ಅಂದರೆ ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ, ಮೈನಸ್! ಇದೆಂಥ ಮಾರಾಯ್ರೆ, ಡೇಟಾ ಪೂರ್ತಿ ಹಾಳಾ?

ಒಂದು ಫಾರ್ಮ್ ಹಿಡಿದು ನಿಧಾನಕ್ಕೆ ಓದಿದೆ. ‘ನನ್ನ ಬಗ್ಗೆ ತೃಪ್ತಿ ಇದೆ’ ಅನ್ನುವ ಕಡೆ 4, ‘ನಾನು ಪ್ರಯೋಜನಕ್ಕಿಲ್ಲ’ ಅನ್ನುವ ಕಡೆ 1. ಎರಡೂ ಒಂದೇ ಮಾತು, ಅಲ್ವಾ? ಸಾಫ್ಟ್‌ವೇರ್‌ಗೆ ಅದು ಹೇಗೆ ಗೊತ್ತಾಗಬೇಕು! 10ರಲ್ಲಿ 5 ಹೇಳಿಕೆ ಹೀಗೆ ಉಲ್ಟಾ ಇವೆ. ಆ ಐದಕ್ಕೆ ಹೊಸ ಕಾಲಂ ಮಾಡಿ, 5ರಿಂದ ಉತ್ತರ ಕಳೆದೆ. 4 ಇದ್ದದ್ದು 1 ಆಯಿತು, 3 ಇದ್ದದ್ದು 2. ಹಳೇ ಕಾಲಂ ಅಳಿಸಲಿಲ್ಲ. ಆಲ್ಫಾ 0.8 ದಾಟಿತು.

ಹೇಳಿಕೆಗಳ ನಂಬರ್ ನೋಡಿ ತಿರುಗಿಸಬೇಡಿ, ಕೆಲವು ಪ್ರತಿಗಳಲ್ಲಿ ಕ್ರಮವೇ ಬೇರೆ. ವಾಕ್ಯ ಓದಿ. ಎಲ್ಲದಕ್ಕೂ ಸುಮ್ನೆ 4 ಗೀಚಿದ ಫಾರ್ಮ್ ಕೂಡ ಆಗಲೇ ಕಣ್ಣಿಗೆ ಬೀಳುತ್ತದೆ.