ಎಮ್ಮೆ ಮೆಲುಕು ನಿಲ್ಲಿಸಿದೆಯಾ? ಡಾಕ್ಟರ್‌ಗೆ ಫೋನ್ ಮಾಡುವ ಮೊದಲು ಇಷ್ಟು ನೋಡಿ

"ಸಾಹೇಬ್ರ, ಎಮ್ಮಿ ಯಾಕೋ ಸಪ್ಪಗೈತಿ" ಅಂದರೆ ಡಾಕ್ಟರ್‌ಗೆ ಏನು ಗೊತ್ತಾಗಬೇಕು? ಕಲಘಟಗಿಯಾಚೆಯ ಹಳ್ಳಿಗೆ ಬರುವಾಗ ಯಾವ ಔಷಧಿ ಹಿಡಿದುಕೊಂಡು ಬರಬೇಕು ಅನ್ನುವುದು ನೀವು ಏನು ನೋಡಿದ್ದೀರಿ ಅನ್ನುವುದರ ಮೇಲಿದೆ.

ಮೊದಲು ಮೆಲುಕು. ಆರಾಮಿರುವ ಎಮ್ಮೆ ದಿನಕ್ಕೆ ಹತ್ತಿರಹತ್ತಿರ 7-8 ತಾಸು ಮೆಲುಕು ಹಾಕುತ್ತದೆ. ಕಣಿಕೆ ತಿಂದು ಮಲಗಿದ ಮೇಲೂ ಬಾಯಿ ಆಡುತ್ತಿಲ್ಲ ಅಂದರೆ ಎಡ ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಸುಮ್ನೆ ನಿಲ್ಲಿ. ಒಳಗೆ ಹೊಟ್ಟೆ ಹೊರಳಿ ಎರಡು ಮೂರು ಸಲವಾದರೂ ಕೈಯನ್ನು ಹೊರಗೆ ತಳ್ಳಬೇಕು. ತಳ್ಳಲಿಲ್ಲವಾ? ರಾತ್ರಿ ಹಗ್ಗ ಬಿಚ್ಚಿಕೊಂಡು ಗೋವಿನಜೋಳದ ರಾಶಿಗೆ ಬಾಯಿ ಹಾಕಿತ್ತಾ ಅಂತ ಮನೆಯವರನ್ನು ಕೇಳಿ, ಸುಗ್ಗಿಯಲ್ಲಿ ಹಾವೇರಿ ಕಡೆ ಅಂಗಳದ ತುಂಬ ಅದೇ ಇರುತ್ತದಲ್ವಾ. ಕಾಳು ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಳಿ ಏರಿ ಪ್ರಾಣಕ್ಕೇ ಬರುತ್ತದೆ, ನಾಳೆ ನೋಡೋಣ ಅನ್ನಬೇಡಿ.

ಈದು ಎರಡು ಮೂರು ದಿನದೊಳಗೆ ಎಮ್ಮೆ ಏಳದೆ, ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿದ್ದು, ಕಿವಿ ತಣ್ಣಗಿದ್ದರೆ ಅದು ಹೆಚ್ಚಾಗಿ ಹಾಲುಜ್ವರ. ಹೆಸರಲ್ಲಿ ಜ್ವರ, ಮೈಯಲ್ಲಿ ಜ್ವರ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ, ಡಾಕ್ಟರ್ ನರಕ್ಕೆ ಏರಿಸಿದರೆ ಬಹಳಷ್ಟು ಸಲ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಗೊಟ್ಟ (ಬಾಯಿಗೆ ಔಷಧಿ ಸುರಿಯುವ ಕೊಳವೆ) ಹಿಡಿದು ಎಣ್ಣೆ ಗಿಣ್ಣೆ ಹಾಕಬೇಡಿ. ನುಂಗಲು ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಿಂಡುವಾಗ ಒದ್ದರೆ ಕೋಲು ಹುಡುಕುವವರು ನಮ್ಮಲ್ಲಿ ಬಹಳ. ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡಿ. ಗಂಟು ಗಂಟು ಬಂದರೆ ಕೆಚ್ಚಲು ಬಾವು, ಅದು ಹಟಕ್ಕಲ್ಲ, ನೋವಿಗೆ ಒದೆಯುತ್ತಿದೆ.

ನೋಡಿದ್ದನ್ನು ಹಾಗೇ ಹೇಳಿ: ಯಾವಾಗ ಈದಿದೆ, ಮೇವು ಯಾವಾಗ ಬಿಟ್ಟಿತು, ಸೆಗಣಿ ಹೇಗಿದೆ. ನಡೆಯುವ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಸಂಚಾರಿ ಪಶು ಚಿಕಿತ್ಸಾಲಯದ ನಂಬರ್ 1962.

ಒಂದು ಕಡೆ ಮಾತ್ರ ಹತ್ತಿರ ಹೋಗಿ ನೋಡುವುದೇ ಬೇಡ. ಸಾಧು ಎಮ್ಮೆ ಇದ್ದಕ್ಕಿದ್ದಂತೆ ಹಾಯಲು ಬಂದು, ದನಿ ಒಡೆದು ಒದರುತ್ತಾ, ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುತ್ತೇವೆ. ಅದು ರೇಬೀಸ್ ಇರಬಹುದು. ದೂರ ನಿಂತು ಡಾಕ್ಟರ್‌ನ ಕರೆಸಿ. ಆಗಲೇ ಗಾಯಕ್ಕೆ ಜೊಲ್ಲು ತಗುಲಿದ್ದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿಕೊಳ್ಳಿ.