ಮೊದಲ ವರ್ಷ ರಂಗವಿನ್ಯಾಸ ಕಲಿಸುವವರಿಗೆ: ಟೇಪು ಹಿಡಿದು ಶುರು ಮಾಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಸಣ್ಣ ಕಾಲೇಜಿನಲ್ಲಿ ರಂಗವಿನ್ಯಾಸದ ಪಾಠಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಭಾಂಗಣ, ಮಾಸಿದ ಪರದೆಗಳು, ಬೀಗ ಜಡಿದ ಒಂದು ಸಾಮಾನಿನ ಕೋಣೆ. ಪಠ್ಯಕ್ರಮ ಮಾತ್ರ ಗ್ರೀಕರಿಂದ ಇವತ್ತಿನವರೆಗೆ ಎಲ್ಲವನ್ನೂ ಕೇಳುತ್ತದೆ. ಅಷ್ಟನ್ನೂ ಬೋರ್ಡಿನ ಮೇಲೆ ಮುಗಿಸಲು ಹೊರಟರೆ ವರ್ಷದ ಕೊನೆಗೆ ಒಬ್ಬರಿಗೂ ರಂಗದ ಗೋಡೆಯಾಗುವ ಒಂದು ಬಟ್ಟೆಯ ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಲು ಬರುವುದಿಲ್ಲ. ಮೊದಲ ವರ್ಷಕ್ಕೆ ಅರ್ಧ ಗಂಟೆಯ ಒಂದು ನಾಟಕ ಸಾಕು. ಅದರ ನಕ್ಷೆ, ಮಾದರಿ, ಸಜ್ಜಿಕೆ, ಪರಿಕರ, ಬೆಳಕು ಎಲ್ಲವನ್ನೂ ಅದೇ ಮಕ್ಕಳ ಕೈಯಿಂದ ಪೂರ್ತಿ ಮಾಡಿಸಿ. ಚರಿತ್ರೆಯನ್ನು ಕೆಲಸದ ನಡುವೆ, ಬೇಕಾದಲ್ಲಿ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೊದಲ ಎರಡು ವಾರ ಅಳತೆಯ ಕೆಲಸ. ಇಬ್ಬಿಬ್ಬರಿಗೆ ಒಂದು ಟೇಪು, ಒಂದು ಸೀಮೆಸುಣ್ಣ ಕೊಡಿ. ರಂಗದ ಅಗಲ, ಆಳ, ನೆಲದಿಂದ ಎತ್ತರ, ಮೇಲಿನ ತೊಲೆಯವರೆಗಿನ ಎತ್ತರ, ಬಾಗಿಲುಗಳು, ಪ್ಲಗ್ ಪಾಯಿಂಟುಗಳು, ಫ್ಯಾನುಗಳು, ಎಲ್ಲವೂ ಕಾಗದಕ್ಕೆ ಬರಬೇಕು. ಫ್ಯಾನು ಬಿಟ್ಟುಹೋದರೆ ಮುಂದೆ ಎಂಟಡಿಯ ಚೌಕಟ್ಟು ಎತ್ತುವಾಗ ಅದೇ ಅಡ್ಡ ಬರುತ್ತದೆ. ರಂಗದ ಗೋಡೆಗಳು ಮೂಲೆಮಟ್ಟಕ್ಕೆ ಇರುತ್ತವೆ ಎಂದು ನಂಬಬೇಡಿ. ಕರ್ಣಗಳೆರಡನ್ನೂ ಅಳೆಸಿ, ವ್ಯತ್ಯಾಸ ಬಂದರೆ ಗೋಡೆ ಓರೆ ಇದೆ ಎಂದರ್ಥ. ಹಾಗಾಗಿ ಅಳತೆಗೆ ಗೋಡೆಯನ್ನು ಆಧಾರ ಮಾಡಿಕೊಳ್ಳದೆ, ರಂಗದ ಮುಂದಿನ ಅಂಚಿನ ನಟ್ಟನಡುವಿನಿಂದ ಹಿಂದಕ್ಕೆ ಒಂದು ಮಧ್ಯರೇಖೆ ಎಳೆಯಿರಿ. 3, 4, 5 ಅಡಿಯ ದಾರದ ತ್ರಿಕೋನ ಹಿಡಿದರೆ ಆ ರೇಖೆ ಲಂಬವಾಗಿ ಬರುತ್ತದೆ. ಮುಂದಿನ ಪ್ರತಿ ಅಳತೆಯೂ ಈ ರೇಖೆಯಿಂದ ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದೇ ಇರಲಿ. ಎಡ, ಬಲ ಯಾವಾಗಲೂ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನದು. ಇದನ್ನು ಮೊದಲ ದಿನವೇ ಗಟ್ಟಿ ಮಾಡದಿದ್ದರೆ ಬಾಗಿಲು ತಿರುಗುಮುರುಗಾಗಿ ನಿಲ್ಲುತ್ತದೆ.

ನೋಟದ ಗೆರೆಯನ್ನು, ಅಂದರೆ ಕೂತವರಿಗೆ ರಂಗ ಎಲ್ಲಿಯವರೆಗೆ ಕಾಣುತ್ತದೆ ಎಂಬುದನ್ನು, ಪುಸ್ತಕದಿಂದ ಹೇಳುವುದಕ್ಕಿಂತ ದಾರ ಕಟ್ಟಿ ತೋರಿಸಿ. ಮೊದಲ ಸಾಲಿನ ಎರಡೂ ಕೊನೆಯ ಕುರ್ಚಿಗಳಲ್ಲಿ ಇಬ್ಬರನ್ನು ಕೂರಿಸಿ, ಅವರ ಕಣ್ಣಿನ ಮಟ್ಟದಿಂದ, ಅಂದರೆ ನೆಲದಿಂದ ಸುಮಾರು 4 ಅಡಿಯಿಂದ, ಎದುರು ಬದಿಯ ವಿಂಗಿನ (ರಂಗದ ಪಕ್ಕದ ಮರೆಪರದೆಯ) ಅಂಚಿಗೆ ದಾರ ಎಳೆಯಿರಿ. ದಾರದ ಆಚೆ ಇಟ್ಟ ವಸ್ತು ಅವರಿಗೆ ಕಾಣುವುದಿಲ್ಲ. ಜಮಖಾನೆ ಹಾಸಿ ನೆಲದ ಮೇಲೆ ಕೂರಿಸುವ ಕಡೆ ಕಣ್ಣು ಎರಡೂವರೆ ಅಡಿಗೆ ಇಳಿಯುತ್ತದೆ. ರಂಗ ನಾಲ್ಕಡಿ ಎತ್ತರವಿದ್ದರೆ, ಹಿಂದೆ ನೆಲದ ಮೇಲೆ ಕೂತು ಆಡುವ ದೃಶ್ಯ ಮುಂದಿನ ಸಾಲಿನವರಿಗೆ ಸರಿಯಾಗಿ ಕಾಣುವುದಿಲ್ಲ. ಆ ದೃಶ್ಯವನ್ನು ಮುಂದಿನ ಅಂಚಿಗೆ ತರಬೇಕು, ಇಲ್ಲವೆ ಒಂದಡಿಯ ಕಟ್ಟೆಯ ಮೇಲೆ ಏರಿಸಬೇಕು.

ನಕ್ಷೆಗೂ ಮಾದರಿಗೂ ಒಂದಡಿಗೆ ಅರ್ಧ ಇಂಚು ಎಂಬ ಲೆಕ್ಕ ಅನುಕೂಲ. 24 ಅಡಿ ಅಗಲ, 15 ಅಡಿ ಆಳದ ರಂಗ 12 ಇಂಚು, ಏಳೂವರೆ ಇಂಚಿಗೆ ಬರುತ್ತದೆ. ಡ್ರಾಯಿಂಗ್ ಹಾಳೆಯಲ್ಲೂ ಕೂರುತ್ತದೆ, ರಟ್ಟಿನಲ್ಲೂ. ಬಡಿಗೇರರು ಇಂಚಿನ ಎಂಟನೇ ಒಂದು ಭಾಗವನ್ನು ಒಂದು ಸೂತು ಎನ್ನುತ್ತಾರೆ. ಈ ಲೆಕ್ಕದಲ್ಲಿ ಒಂದು ಸೂತು ಎಂದರೆ ನಿಜದ 3 ಇಂಚು. ಇಷ್ಟು ಬಾಯಿಗೆ ಬಂದರೆ ಭಿನ್ನರಾಶಿಗೆ ಹೆದರುವ ಮಕ್ಕಳೂ ನಕ್ಷೆ ಬರೆಯುತ್ತಾರೆ. ಮಾದರಿಗೆ ಮೊದಲು ಗೋಡೆ ಕತ್ತರಿಸಬೇಡಿ, ಮನುಷ್ಯನನ್ನು ಕತ್ತರಿಸಿ: ಐದೂವರೆ ಅಡಿಯ ನಟ ಎರಡು ಮುಕ್ಕಾಲು ಇಂಚಿನ ರಟ್ಟಿನ ಗೊಂಬೆ. ಪ್ರತಿ ವಸ್ತುವಿನ ಪಕ್ಕದಲ್ಲೂ ಆ ಗೊಂಬೆ ನಿಲ್ಲಲಿ. ಸಿಂಹಾಸನ ಆನೆಯಷ್ಟು ದೊಡ್ಡದಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಅದೇ ನಕ್ಷೆಯನ್ನು ತಾಲೀಮಿನ ನೆಲದ ಮೇಲೆ ನಿಜದ ಅಳತೆಯಲ್ಲಿ ಸೀಮೆಸುಣ್ಣದಿಂದ ಬರೆಸಿ, ನಟರನ್ನು ನಡೆಸಿ. ಎರಡು ಮೇಜಿನ ನಡುವೆ ಎರಡಡಿ ಬಿಟ್ಟಿದ್ದರೆ ನೆರಿಗೆ ಸೀರೆಯ ಪಾತ್ರ ಸಲೀಸಾಗಿ ದಾಟುವುದಿಲ್ಲ, ಮೂರಡಿ ಬೇಕು.

ಇನ್ನು ಚೌಕಟ್ಟು. ಕನ್ನಡದಲ್ಲೂ ಎಲ್ಲರೂ ಫ್ಲ್ಯಾಟ್ ಎಂದೇ ಕರೆಯುತ್ತಾರೆ. 8 ಅಡಿಗೆ 4 ಅಡಿಯ ಒಂದು ಫ್ಲ್ಯಾಟಿಗೆ 2 ಇಂಚು ಅಗಲ, 1 ಇಂಚು ದಪ್ಪದ ರೀಪು ಹೀಗೆ ಬೇಕು: ಮೇಲೆ ಕೆಳಗೆ 4 ಅಡಿಯ ಎರಡು, ಉದ್ದಕ್ಕೆ 7 ಅಡಿ 8 ಇಂಚಿನ ಎರಡು, ನಡುವೆ 3 ಅಡಿ 8 ಇಂಚಿನ ಒಂದು. ಒಟ್ಟು 27 ಅಡಿ. ಕತ್ತರಿಸುವಾಗಿನ ನಷ್ಟಕ್ಕೆ ಇನ್ನೆರಡು ಅಡಿ ಸೇರಿಸಿ. ಉದ್ದದ ರೀಪುಗಳನ್ನೇಕೆ ಪೂರ್ತಿ ಎಂಟಡಿ ಇಡಬಾರದು ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಫ್ಲ್ಯಾಟನ್ನು ರಂಗದ ಮೇಲೆ ಜಾರಿಸುವಾಗ ಉದ್ದದ ರೀಪಿನ ತುದಿ ನೆಲಕ್ಕೆ ತಾಗಿದ್ದರೆ ಎಳೆ ಬಿಟ್ಟು ಸೀಳುತ್ತದೆ. ಕೆಳಗಿನ ರೀಪು ಪೂರ್ತಿ ಅಗಲಕ್ಕಿದ್ದರೆ ಆ ಉಜ್ಜುವಿಕೆಯನ್ನು ಅದು ಉದ್ದುದ್ದಕ್ಕೆ ತಾಳಿಕೊಳ್ಳುತ್ತದೆ. ಮೂಲೆಗಳಿಗೆ ತೆಳು ಪ್ಲೈವುಡ್‌ನ ತ್ರಿಕೋನ ಬಡಿಯಿರಿ. ಅದನ್ನು ಹೊರ ಅಂಚಿನಿಂದ ಒಂದಿಂಚು ಒಳಗಿಡಿ. ಅಂಚಿಗೆ ಸರಿಯಾಗಿ ಬಡಿದರೆ ಪಕ್ಕದ ಫ್ಲ್ಯಾಟನ್ನು ಮೂಲೆಗೆ ಕೂಡಿಸುವಾಗ ಅಡ್ಡ ಬಂದು ಸಂದಿ ಬೀಳುತ್ತದೆ, ಸಂದಿಯಲ್ಲಿ ಹಿಂದಿನ ಬೆಳಕು ಸೋರುತ್ತದೆ.

ಬಟ್ಟೆಗೆ ಕೋರಾ ಒಳ್ಳೆಯದು, ಪ್ರತಿ ಬದಿಗೂ ಮೂರು ಇಂಚು ಹೆಚ್ಚಿಗೆ ಬಿಡಿ. ಮೊಳೆಯನ್ನು ಪ್ರತಿ ಬದಿಯ ನಡುವಿನಿಂದ ಶುರು ಮಾಡಿ ಮೂಲೆಗಳ ಕಡೆಗೆ ಹೊಡೆಯುತ್ತ ಹೋಗಿ. ತಮಟೆಯಂತೆ ಬಿಗಿಯಾಗಬೇಕೆಂದು ಜಗ್ಗುವುದೇ ಎಲ್ಲರೂ ಮಾಡುವ ತಪ್ಪು. ಒಂದು ಪಾಲು ಫೆವಿಕಾಲ್‌ಗೆ ಐದು ಪಾಲು ನೀರು ಬೆರೆಸಿ ಬಳಿದಾಗ ಬಟ್ಟೆ ತಾನೇ ಕುಗ್ಗುತ್ತದೆ. ಮೊದಲೇ ಜಗ್ಗಿದ್ದರೆ ರೀಪುಗಳು ಬಿಲ್ಲಿನಂತೆ ಬಾಗುತ್ತವೆ. ಏಪ್ರಿಲ್, ಮೇನಲ್ಲಿ ಇಲ್ಲಿ ಹೊತ್ತೇರಿದ ಮೇಲೆ ಬಳಿಯಲೇಬೇಡಿ. ಬ್ರಷ್ಷಿನ ಒಂದು ಎಳೆತ ಒಣಗಿದ ಮೇಲೆ ಇನ್ನೊಂದು ಬಿದ್ದು ಪಟ್ಟೆಪಟ್ಟೆಯಾಗಿ ಉಳಿಯುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಫ್ಲ್ಯಾಟ್ ನಿಲ್ಲಿಸುವಾಗ ಹಿಂದಿನ ಊರೆಗೋಲು ಎತ್ತರದ ಮೂರನೇ ಎರಡು ಭಾಗದಲ್ಲಿ ಹಿಡಿದಿರಲಿ, ಬುಡದ ಮೇಲೆ ಮರಳಿನ ಚೀಲ ಬೀಳಲಿ. ಕಿಟಕಿಯಿಂದ ಬಂದ ಒಂದು ಗಾಳಿ ಸಾಕು, ಊರೆಯಿಲ್ಲದ ಗೋಡೆ ನಟನ ಮೇಲೆ ಬೀಳುತ್ತದೆ.

ಪರಿಕರ ಮಾಡುವುದಕ್ಕೆ ಈ ಸೀಮೆಯಷ್ಟು ಅನುಕೂಲ ಬೇರೆಡೆ ಕಡಿಮೆ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಮತ್ತು ಹುಣಸೆ ಬೀಜದ ಅಂಟಿನಿಂದ ಗೊಂಬೆ ಮಾಡುತ್ತಾರೆ. ವಿದ್ಯಾರ್ಥಿಗಳನ್ನು ಒಂದು ದಿನ ಕರೆದೊಯ್ಯಿರಿ, ಬಣ್ಣಕ್ಕಿಂತ ಮೊದಲ ಹಂತಗಳನ್ನು ನೋಡಲು ಹೇಳಿ. ಕಿರೀಟಕ್ಕೂ ಮುಖವಾಡಕ್ಕೂ ಕಾಲೇಜಿನಲ್ಲಿ ಹುಣಸೆ ಅಂಟು ಮಾಡುವುದು ಸುಲಭ. ಬೀಜವನ್ನು ಸಿಪ್ಪೆ ಬಿರಿಯುವವರೆಗೆ ಹುರಿದು, ಕುಟ್ಟಿ, ಕೇರಿ ಸಿಪ್ಪೆ ತೆಗೆಯಿರಿ. ಬೇಳೆಯನ್ನು ಬೀಸಿ, ಕಾಲು ಕೆಜಿ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕಲಸಿ, ಆಮೇಲೆ ಒಟ್ಟು ಎರಡು ಲೀಟರ್ ನೀರು ಮಾಡಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಸಿನೀರಿಗೆ ನೇರ ಸುರಿದರೆ ಗಂಟು ಕಟ್ಟುತ್ತದೆ. ಹಳೆ ಪತ್ರಿಕೆಯನ್ನು ಕತ್ತರಿಸದೆ ಕೈಯಿಂದ ಹರಿಯಿರಿ. ಹರಿದ ಅಂಚು ತೆಳುವಾಗಿ ಕೂರುತ್ತದೆ, ಗೆರೆ ಕಾಣುವುದಿಲ್ಲ. ಆರು ಪದರ ಸಾಕು, ಎರಡೆರಡು ಪದರಕ್ಕೆ ಒಮ್ಮೆ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹೊರಗು ಮೊದಲು ಒಣಗಿ ಮುಖವಾಡ ಸೊಟ್ಟಗಾಗುತ್ತದೆ. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿಯಿದೆ, ಅದು ವಿಷ. ಮುಖಕ್ಕೆ ತಾಗುವ ಯಾವುದಕ್ಕೂ ಬೇಡ.

ಬೆಳಕಿನ ಪಾಠಕ್ಕೆ ದೊಡ್ಡ ದೀಪ ಬರುವವರೆಗೆ ಕಾಯಬೇಡಿ. ಕತ್ತಲು ಮಾಡಿದ ಕೋಣೆ, ಒಂದು ಟೇಬಲ್ ಲ್ಯಾಂಪು, ಒಬ್ಬ ವಿದ್ಯಾರ್ಥಿಯ ಮುಖ ಸಾಕು. ಎದುರಿನಿಂದ, 45 ಡಿಗ್ರಿ ಮೇಲಿನಿಂದ, ಪಕ್ಕದಿಂದ, ನೆತ್ತಿಯಿಂದ, ಕೆಳಗಿನಿಂದ ಹಿಡಿದು, ಪ್ರತಿ ಸಲ ಮೂಗಿನ ನೆರಳು ಎಲ್ಲಿ ಬಿತ್ತು ಎಂದು ಬರೆಸಿ. ಬಣ್ಣಕ್ಕೆ ಇಳಕಲ್ ಸೀರೆ ತರಿಸಿ: ಅದರ ಕೆಂಪು ಸೆರಗು ಹಸಿರು ಬೆಳಕಿನಲ್ಲಿ ಕಪ್ಪಾಗುತ್ತದೆ. ಉಡುಪಿನ ಬಣ್ಣ ಆರಿಸುವ ಮೊದಲೇ ಬೆಳಕಿನವರೊಡನೆ ಕೂರಬೇಕು ಎಂಬುದಕ್ಕೆ ಬೇರೆ ಮಾತು ಬೇಡ. ನಮ್ಮ ಕಂದು ಮೈಬಣ್ಣದ ಮೇಲೆ ಬರಿ ತಿಳಿನೀಲಿ ಬಿದ್ದರೆ ಮುಖ ಬೂದಿ ಬಡಿದಂತಾಗುತ್ತದೆ. ಒಂದು ಬದಿಯಿಂದಾದರೂ ಹಳದಿ ಬೆರೆಸಿ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಗೊಂಬೆ ಪರದೆಯಿಂದ ಹಿಂದೆ ಸರಿದಂತೆ ನೆರಳು ದೊಡ್ಡದಾಗಿ ಮಸುಕಾಗುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ವಿದ್ಯುತ್ತಿನ ಲೆಕ್ಕ ಮಾತ್ರ ಬಾಯಿಪಾಠವಾಗಿರಲಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟಿನ ಒಂದು ಪಾರ್ ದೀಪ (ರಂಗಕ್ಕೆ ಬೆಳಕು ಚೆಲ್ಲುವ ಡಬ್ಬಿಯಂಥ ದೀಪ) ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಸಣ್ಣ 6 ಆಂಪಿಯರ್ ಪಾಯಿಂಟಿಗೆ ಒಂದೇ ದೀಪ, 16ರದಕ್ಕೆ ಮೂರು. ಅದೂ ವೈರಿಂಗ್ ಹಳೆಯದಲ್ಲ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಿದ ಮೇಲೆ. ಎಕ್ಸ್‌ಟೆನ್ಷನ್ ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚದೆ ಲೋಡ್ ಹಾಕಿದರೆ ಬಿಸಿ ಹೊರಹೋಗದೆ ಕರಗುತ್ತದೆ. ಎಲ್‌ಇಡಿ ಪಾರ್‌ಗಳನ್ನು ಬೆಳಕು ಏರಿಳಿಸುವ ಹಳೆಯ ಡಿಮ್ಮರಿಗೆ ಸಿಕ್ಕಿಸಬೇಡಿ, ಮಿಣುಕುತ್ತವೆ, ಸುಟ್ಟೂ ಹೋಗಬಹುದು. ಅವಕ್ಕೆ ನೇರ ಲೈನು ಬೇಕು.

ಜಾತ್ರೆಗಳಲ್ಲಿ ಕಂಪನಿ ನಾಟಕದವರು ಟೆಂಟು ಹಾಕಿದಾಗ ಅನುಮತಿ ಕೇಳಿ ಮಕ್ಕಳನ್ನು ಹಿಂಬದಿಗೆ ಕರೆದೊಯ್ಯಿರಿ. ಮುಂದೆ ಬೀದಿಯ ಚಿತ್ರವಿರುವ ರಸ್ತೆ ಪರದೆ ಬಿಟ್ಟು ಹಾಸ್ಯದ ದೃಶ್ಯ ನಡೆಸುತ್ತ ಹಿಂದೆ ದರ್ಬಾರು ಜೋಡಿಸುವ ಚಾಕಚಕ್ಯತೆ ನಿಮ್ಮ ಸಣ್ಣ ರಂಗಕ್ಕೂ ಒಪ್ಪುತ್ತದೆ. ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರಗಳಲ್ಲಿ ಖಾಲಿ ಹೊತ್ತಲ್ಲಿ ಒಪ್ಪಿಗೆ ಪಡೆದು ಅಳತೆ ತೆಗೆಸಿ, ಕಾಲೇಜಿನ ನಕ್ಷೆಯ ಪಕ್ಕದಲ್ಲಿಟ್ಟು ನೋಡಿಸಿ.

ಅಂಕ ಕೊಡುವುದು ನಿಮ್ಮ ಕೈಯಲ್ಲಿದ್ದಷ್ಟು ಮಟ್ಟಿಗೆ, ಚೆಂದದ ಚಿತ್ರಕ್ಕಿಂತ ಸರಿಯಾದ ಅಳತೆಗೆ ಕೊಡಿ. ನಕ್ಷೆ ನೋಡಿ ಬೇರೊಬ್ಬರು ಕಟ್ಟಬಲ್ಲರೇ ಎಂಬುದೇ ಪರೀಕ್ಷೆ. ಹಾಗಾಗಿ ಒಂದು ತಂಡದ ನಕ್ಷೆಯನ್ನು ಇನ್ನೊಂದು ತಂಡಕ್ಕೆ ಕೊಟ್ಟು ಕಟ್ಟಿಸಿ. ಸಜ್ಜಿಕೆ ಪ್ರದರ್ಶನಕ್ಕೆ ಮೂರು ದಿನ ಮೊದಲೇ ನಿಂತಿರಲಿ, ತಾಂತ್ರಿಕ ತಾಲೀಮಿಗೆ ಒಂದು ಪೂರ್ತಿ ದಿನ ಇರಲಿ. ಊರಿಂದ ಬಂದುಹೋಗುವ ಹೆಣ್ಣುಮಕ್ಕಳಿದ್ದರೆ ಕೊನೆಯ ಬಸ್ಸಿನ ಹೊತ್ತು ಕೇಳಿಯೇ ವೇಳಾಪಟ್ಟಿ ಹಾಕಿ. ಇಲ್ಲದಿದ್ದರೆ ಬೆಳಕಿನ ಕೆಲಸವೆಲ್ಲ ಗಂಡುಮಕ್ಕಳ ಪಾಲಾಗಿ ಹೆಣ್ಣುಮಕ್ಕಳು ಕಲಿಯದೇ ಉಳಿಯುತ್ತಾರೆ.

ಪ್ರದರ್ಶನ ಮುಗಿದ ಮರುದಿನ ಎಲ್ಲರೂ ಬರಬೇಕು. ಮೊಳೆಗಳನ್ನು ಕಿತ್ತು, ಫ್ಲ್ಯಾಟುಗಳನ್ನು ಬಣ್ಣದ ಮುಖ ಎದುರುಬದುರಾಗಿ ಇಟ್ಟಿಗೆಗಳ ಮೇಲೆ ಗೋಡೆಯಿಂದ ಅರ್ಧ ಅಡಿ ದೂರ ನಿಲ್ಲಿಸಿ. ನೆಲಕ್ಕೂ ಗೋಡೆಗೂ ತಾಗಿದ್ದರೆ ಮಳೆಗಾಲದಲ್ಲಿ ಗೆದ್ದಲು ಹಿಡಿಯುತ್ತದೆ. ಪ್ರತಿ ಫ್ಲ್ಯಾಟಿನ ಹಿಂದೆ ಅಳತೆ ಮತ್ತು ವರ್ಷ ಬರೆಸಿ, ನಕ್ಷೆಯ ಒಂದು ಪ್ರತಿಯನ್ನು ಸಾಮಾನಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಅಂಟಿಸಿ.